ಪಾದರಕ್ಷೆಯ ಕ್ರಯವೂ ಸಂಖ್ಯಾಶಾಸ್ತ್ರವೂ

ಮಹಾಭಾರತದ ಅನುಶಾಸನಪರ್ವದಲ್ಲಿ ಕೊಡೆ ಮತ್ತು ಪಾದರಕ್ಷೆಗಳ ಉತ್ಪತ್ತಿಯನ್ನು ಹೇಳುವ ಒಂದು ಉಪಾಖ್ಯಾನವುಂಟು. ಜಮದಗ್ನಿ ಮಹರ್ಷಿಯು ವಿನೋದಾರ್ಥವಾಗಿ ಬಾಣಗಳನ್ನು ಎಸೆಯುತ್ತಿದ್ದನು. ಪತ್ನಿಯಾದ ರೇಣುಕೆಯು ಅವುಗಳನ್ನು ಆಯ್ದು ತಂದು ಕೊಡುತ್ತಿದ್ದಳು. ಬೇಸಗೆಯ ನಡುಹಗಲಿನಲ್ಲಿ ತಲೆಯೂ ಅಂಗಾಲೂ ಸುಡಲು, ಆಕೆಯು ಮರದ ನೆರಳಿನಲ್ಲಿ ಕ್ಷಣಕಾಲ ನಿಂತು ತಡವಾಗಿ ಬಂದಳು. ಕಾರಣವನ್ನು ತಿಳಿದ ಮುನಿಯು ಸೂರ್ಯನ ಮೇಲೆಯೇ ಬಾಣವನ್ನು ಹೂಡಿದನು. ಸೂರ್ಯನು ಬ್ರಾಹ್ಮಣರೂಪದಿಂದ ಬಂದು ಶರಣಾಗತನಾಗಿ, ತಲೆಯನ್ನು ಕಾಯಲು ಕೊಡೆಯನ್ನೂ ಕಾಲನ್ನು ಕಾಯಲು ಪಾದರಕ್ಷೆಯನ್ನೂ ದಯಪಾಲಿಸಿದನಂತೆ. ಈ ಕಥೆಯಲ್ಲಿ ಪಾದರಕ್ಷೆಯು ಹುಟ್ಟಿದ್ದು ಅಲಂಕಾರಕ್ಕಾಗಿ ಅಲ್ಲ, ಅಂತಸ್ತಿಗಾಗಿಯೂ ಅಲ್ಲ. ಮನೆಯ ಗೃಹಿಣಿಯ ಕಾಲು ಸುಟ್ಟಿತೆಂಬ ಒಂದೇ ಕಾರಣಕ್ಕಾಗಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ನಮ್ಮ ತುಳುನಾಡಿಗೆ ಸೂರ್ಯನ ಈ ಎರಡು ವರಗಳಲ್ಲಿ ಮೊದಲನೆಯದು ಬೇಗನೆ ಬಂದಿತು. ಎರಡನೆಯದು ಬಹಳ ತಡವಾಗಿ ಬಂದಿತು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಬೆನ್ನಿಗೆ ಗೊರಬೆ, ಕೈಗೆ ಓಲೆಯ ಕೊಡೆ ಇಷ್ಟೆಲ್ಲ ಇದ್ದರೂ ಗದ್ದೆಗೆ ಇಳಿಯುವವರ ಕಾಲು ಮಾತ್ರ ಬರಿದಾಗಿಯೇ ಇರುತ್ತಿತ್ತು. ಇಂದಾದರೋ ಬಂಟ್ವಾಳದ ಬಿ.ಸಿ. ರೋಡು, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಪೇಟೆಗಳಲ್ಲಿ ಎಲ್ಲಿಗೆ ಹೋದರೂ ನೆಲದಿಂದ ಮಾಡಿನವರೆಗೆ ಚಪ್ಪಲಿ, ಜೋಡು, ಶೂಗಳನ್ನು ಒಟ್ಟಿದ ಅಂಗಡಿಗಳು ಕಾಣುತ್ತವೆ. ಒಬ್ಬನು ಇಷ್ಟರೊಳಗಿನಿಂದ ಒಂದೇ ಜೊತೆಯನ್ನು ಆರಿಸುವನಷ್ಟೆ. ಅದನ್ನೇ ಏಕೆ ಆರಿಸಿದನು? ಬೆಲೆಯೇ, ಬಾಳಿಕೆಯೇ, ಹೆಸರುವಾಸಿಯಾದ ಕಂಪೆನಿಯ ಮುದ್ರೆಯೇ, ನೆರೆಮನೆಯವನ ಕಾಲೇ? ಅಂಗಡಿಯವನನ್ನು ಕೇಳಿದರೆ ಒಂದು ಉತ್ತರ ಬರುವುದು; ಗಿರಾಕಿಯನ್ನು ಕೇಳಿದರೆ ಮತ್ತೊಂದು. ಈ ವಿವಾದವನ್ನು ಅಂಕಿಗಳಿಂದ ತೀರ್ಮಾನಿಸುವ ಒಂದು ವಿದ್ಯೆಯು ಬೆಳೆದಿದೆ. ಕಂಪೆನಿಗಳು ಅದನ್ನು ಲಾಭಕ್ಕಾಗಿ ಬಳಸುತ್ತವೆ. ವಾಣಿಜ್ಯವನ್ನು ಓದುವ ವಿದ್ಯಾರ್ಥಿಗಳು ಪ್ರಶ್ನಾವಳಿಗಳನ್ನು ಹಿಡಿದು ನಮ್ಮ ಮನೆಬಾಗಿಲಿಗೂ ಬರುತ್ತಾರೆ. ಆ ವಿದ್ಯೆಯ ತಿರುಳು ಏನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು.

ಸಂಖ್ಯಾಶಾಸ್ತ್ರಜ್ಞರು ಇಂತಹ ವಿಚಾರಣೆಗಾಗಿ ಒಂದು ‘ಮಾದರಿ’ಯನ್ನು ಕಟ್ಟುತ್ತಾರೆ. ಈ ಮಾತಿನ ಅರ್ಥವನ್ನು ಪಾದರಕ್ಷೆ ಮಾಡುವವನೇ ನಮಗೆ ಕಲಿಸಬಲ್ಲನು. ಅವನ ಬಳಿ ಪಾದದ ಆಕಾರದ ಮರದ ಅಚ್ಚೊಂದಿರುತ್ತದೆ. ಅದು ಯಾವ ಮನುಷ್ಯನ ಕಾಲೂ ಅಲ್ಲ. ಅದಕ್ಕೆ ನೋವಿಲ್ಲ, ಅಂಟುಮಣ್ಣಿಲ್ಲ, ಬೆರಳಿನ ಸಂದಿಯ ಹುಣ್ಣಿಲ್ಲ. ಆದರೂ ಅದರ ಮೇಲೆ ಹೊಲಿದ ಜೋಡು ಸಾವಿರ ಕಾಲುಗಳಿಗೆ ಸುಮಾರಾಗಿ ಒಪ್ಪುತ್ತದೆ. ಗಣಿತದ ಮಾದರಿಯೂ ಹಾಗೆಯೇ. ಸಾವಿರಾರು ಗಿರಾಕಿಗಳ ನಡವಳಿಕೆಯಿಂದ ಕೆತ್ತಿ ತೆಗೆದ ಅಚ್ಚು ಅದು. ಅಚ್ಚನ್ನೇ ಕಾಲೆಂದು ಭ್ರಮಿಸಬಾರದು. ಕಾಲಲ್ಲವೆಂದು ಅಚ್ಚನ್ನು ಎಸೆಯಲೂ ಬಾರದು.

ಒಂದಗುಳಿನ ನ್ಯಾಯ

ಎಲ್ಲರನ್ನೂ ಕೇಳುವುದು ಅಸಾಧ್ಯ. 2011ರ ಜನಗಣತಿಯಂತೆ ಬಂಟ್ವಾಳ ತಾಲೂಕಿನಲ್ಲಿ ಸುಮಾರು 3 ಲಕ್ಷ 95 ಸಾವಿರ, ಬೆಳ್ತಂಗಡಿ ತಾಲೂಕಿನಲ್ಲಿ ಸುಮಾರು 2 ಲಕ್ಷ 66 ಸಾವಿರ ಜನರಿದ್ದರು. ಮೂಡುಬಿದಿರೆಯು ಆಗ ಮಂಗಳೂರು ತಾಲೂಕಿಗೆ ಸೇರಿದ್ದು, ಅನಂತರ ಪ್ರತ್ಯೇಕ ತಾಲೂಕಾಯಿತು. ಇಷ್ಟು ಜನರ ಮನಸ್ಸನ್ನು ತಿಳಿಯುವ ಉಪಾಯವನ್ನು ನಮ್ಮ ಹಿರಿಯರು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಅನ್ನವು ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಗೃಹಿಣಿಯು ಒಂದಗುಳನ್ನು ಹಿಸುಕಿ ನೋಡುವಳೇ ಹೊರತು ಪಾತ್ರೆಯನ್ನೆಲ್ಲ ಬರಿದುಮಾಡುವುದಿಲ್ಲ. ನಳೋಪಾಖ್ಯಾನದಲ್ಲಿ ಋತುಪರ್ಣ ರಾಜನು ತಾರೆಯ ಮರದ ಎಲೆಗಳ ಮತ್ತು ಹಣ್ಣುಗಳ ಸಂಖ್ಯೆಯನ್ನು ರಥದಲ್ಲಿ ಕುಳಿತೇ ಹೇಳಿದ್ದೂ, ನಳನು ಇಳಿದು ಎಣಿಸಿ ಅದು ಸರಿಯೆಂದು ಕಂಡದ್ದೂ ಇದೇ ವಿದ್ಯೆಯ ಪ್ರಾಚೀನ ಸ್ಮರಣೆಯೆಂದು ಆಧುನಿಕ ಪಂಡಿತರಲ್ಲಿ ಕೆಲವರು ಭಾವಿಸಿದ್ದಾರೆ.

ಎಷ್ಟು ಅಗುಳುಗಳನ್ನು ನೋಡಬೇಕು? ನಿಷ್ಪಕ್ಷಪಾತವಾಗಿ ಆರಿಸಿದ 100 ಜನರನ್ನು ಕೇಳಿದರೆ ಉತ್ತರವು ಶೇಕಡಾ 10ರಷ್ಟು ಆಚೆಗೋ ಈಚೆಗೋ ಇರಬಹುದು; 400 ಜನರನ್ನು ಕೇಳಿದರೆ ಶೇಕಡಾ 5ರಷ್ಟು; ಶೇಕಡಾ 1ಕ್ಕೆ ಇಳಿಸಬೇಕಾದರೆ 10,000 ಜನರನ್ನು ಕೇಳಬೇಕು. ಅಂದರೆ ತಪ್ಪನ್ನು ಅರ್ಧಮಾಡಲು ಶ್ರಮವನ್ನು ನಾಲ್ಕು ಪಾಲು ಮಾಡಬೇಕು. ಪಾತ್ರೆಯು ದೊಡ್ಡದಾದ ಮಾತ್ರಕ್ಕೆ ಹೆಚ್ಚು ಅಗುಳುಗಳು ಬೇಕಾಗುವುದಿಲ್ಲ ಎಂಬುದು ಇಲ್ಲಿಯ ಸೋಜಿಗ. ನಮ್ಮ ದೇಶದಲ್ಲಿ ಈ ಕ್ರಮಕ್ಕೆ ಭದ್ರವಾದ ಅಡಿಗಲ್ಲನ್ನು ಹಾಕಿದವರು ಪ್ರಶಾಂತಚಂದ್ರ ಮಹಾಲನೋಬಿಸರು. ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. 1950ರಲ್ಲಿ ರಾಷ್ಟ್ರೀಯ ನಮೂನೆ ಸಮೀಕ್ಷೆಯು ಆರಂಭವಾಯಿತು. ಆ ಪರಂಪರೆಯಲ್ಲಿಯೇ 2022ರ ಆಗಸ್ಟಿನಿಂದ 2023ರ ಜುಲೈವರೆಗೆ ನಡೆದ ಗೃಹವೆಚ್ಚದ ಸಮೀಕ್ಷೆಯಲ್ಲಿ 2,61,746 ಮನೆಗಳನ್ನು ವಿಚಾರಿಸಿ, ಇಡೀ ದೇಶದಲ್ಲಿ ಒಬ್ಬನ ತಿಂಗಳ ಸರಾಸರಿ ವೆಚ್ಚವು ಹಳ್ಳಿಗಳಲ್ಲಿ 3,773 ರೂಪಾಯಿ, ಪಟ್ಟಣಗಳಲ್ಲಿ 6,459 ರೂಪಾಯಿ ಎಂದು ನಿರ್ಣಯಿಸಿದರು.

ಆದರೆ ಒಂದಗುಳಿನ ನ್ಯಾಯಕ್ಕೆ ಒಂದು ನಿಬಂಧನೆಯುಂಟು: ಪಾತ್ರೆಯನ್ನು ಚೆನ್ನಾಗಿ ಕಲಕಿರಬೇಕು. ಸಮಾಜವು ಕಲಕಿದ ಪಾತ್ರೆಯಲ್ಲ. ನಮ್ಮ ಮೂರು ಊರುಗಳನ್ನೇ ನೋಡಿರಿ. ಬಂಟ್ವಾಳವು ನೇತ್ರಾವತಿಯ ದಡದ ಹಳೆಯ ವ್ಯಾಪಾರಸ್ಥಳ. ಹೆದ್ದಾರಿಯ ಮೇಲಿರುವ ಬಿ.ಸಿ. ರೋಡಿನಿಂದ ದಿನವೂ ಮಂಗಳೂರಿಗೆ ಹೋಗಿಬರುವ ಉದ್ಯೋಗಿಗಳು ಅನೇಕರು. ಕೊಲ್ಲಿ ದೇಶಗಳಲ್ಲಿ ದುಡಿಯುವವರ ಮನೆಗಳೂ ಸುತ್ತಮುತ್ತ ಬಹಳವಾಗಿವೆ. ಇಲ್ಲಿಯ ಅಂಗಡಿಯವನಿಗೆ ಮಂಗಳೂರಿನ ದೊಡ್ಡ ಮಳಿಗೆಯೇ ಪ್ರತಿಸ್ಪರ್ಧಿ. ಬೆಳ್ತಂಗಡಿಯು ಚಾರ್ಮಾಡಿ ಘಟ್ಟದ ತಪ್ಪಲಿನ ಸೀಮೆ. ಅಡಿಕೆ ತೋಟ, ರಬ್ಬರು ತೋಟ, ಜಿಗಣೆ, ಜಾರುವ ಪಾಚಿ ಇವು ಅಲ್ಲಿಯ ಕಾಲಿಗೆ ನಿತ್ಯಪರಿಚಿತ. ಧರ್ಮಸ್ಥಳಕ್ಕೆ ಬರುವ ಯಾತ್ರಿಕರೂ ಆ ತಾಲೂಕಿನಲ್ಲಿಯೇ ಓಡಾಡುವರು. ಮೂಡುಬಿದಿರೆಯು ಜೈನಕಾಶಿ; ಅಲ್ಲಿ ಹದಿನೆಂಟು ಬಸದಿಗಳೂ, ಪರಸ್ಥಳಗಳಿಂದ ಬಂದು ಓದುವ ಸಾವಿರಾರು ವಿದ್ಯಾರ್ಥಿಗಳೂ ಒಂದೇ ಪೇಟೆಯನ್ನು ಹಂಚಿಕೊಂಡಿದ್ದಾರೆ. ಅಹಿಂಸಾವ್ರತವನ್ನು ನಿಷ್ಠೆಯಿಂದ ಪಾಲಿಸುವ ಜೈನ ಗೃಹಸ್ಥನು ಚರ್ಮದ ಜೋಡನ್ನು ಬಿಡಬಹುದು. ಆಟೋಟಗಳ ಅಭ್ಯಾಸಕ್ಕೆ ಬಂದ ತರುಣನು ಓಟದ ಶೂವನ್ನೇ ಕೇಳುವನು. ಹೀಗಿರಲು ಒಂದು ಊರಿನ ಬಸ್ ನಿಲ್ದಾಣದಲ್ಲಿ ನಿಂತು ಸಿಕ್ಕವರನ್ನು ಕೇಳಿ ಮೂರು ತಾಲೂಕುಗಳ ಅಭಿರುಚಿಯನ್ನು ಸಾರುವುದು ಸರ್ವಥಾ ತಕ್ಕುದಲ್ಲ. ಪ್ರತಿಯೊಂದನ್ನೂ ಬೇರೆ ಬೇರೆ ಪಾತ್ರೆಯೆಂದೆಣಿಸಿ, ಪೇಟೆ ಹಳ್ಳಿ, ಗಂಡಸು ಹೆಂಗಸು, ಸಂಬಳದವರು ಕೂಲಿಯವರು ಎಂದು ಪದರುಗಳನ್ನು ಮಾಡಿ, ಪ್ರತಿ ಪದರಿನಿಂದಲೂ ಅಗುಳನ್ನು ತೆಗೆಯಬೇಕು.

ಕೇಳುವ ಕಾಲ, ಕೇಳುವ ರೀತಿ

ಕಾಲಭೇದವನ್ನೂ ಮರೆಯಬಾರದು. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿಯುತ್ತದೆ. ಮೇ ತಿಂಗಳಲ್ಲಿ ವಿಚಾರಿಸಿದವನಿಗೆ ಮದುವೆಮನೆಯ ಹೊಳೆಯುವ ಜೋಡುಗಳು ಕಾಣುವುವು. ಶಾಲೆ ತೆರೆಯುವ ವಾರದಲ್ಲಿ ಕಪ್ಪು ಶೂಗಳು. ಮಳೆ ಹಿಡಿದ ಮೇಲೆ ನೀರಿಗೆ ಹೆದರದ ರಬ್ಬರು ಚಪ್ಪಲಿಗಳು. ರಂಜಾನ್, ದೀಪಾವಳಿ, ಕ್ರಿಸ್ಮಸ್‌ಗಳಲ್ಲಿ ಮತ್ತೆ ಬೇರೆ. ಒಂದೇ ತಿಂಗಳಿನಲ್ಲಿ ಮುಗಿಸಿದ ಸಮೀಕ್ಷೆಯು ಆ ತಿಂಗಳಿನ ಸಮೀಕ್ಷೆಯೇ ಹೊರತು ಊರಿನ ಸಮೀಕ್ಷೆಯಲ್ಲ. ಸರಕಾರದ ಗೃಹವೆಚ್ಚದ ಸಮೀಕ್ಷೆಯು ಹನ್ನೆರಡು ತಿಂಗಳ ಮೇಲೆ ಹರಡಿರುವುದೂ, ತರಕಾರಿ ಮೀನುಗಳ ವೆಚ್ಚವನ್ನು ಕಳೆದ 7 ದಿನಗಳಿಗೆ ಕೇಳಿದರೆ ಬಟ್ಟೆ ಪಾದರಕ್ಷೆಗಳ ವೆಚ್ಚವನ್ನು ಕಳೆದ 365 ದಿನಗಳಿಗೆ ಕೇಳುವುದೂ ಈ ಕಾರಣದಿಂದಲೇ.

ಪ್ರಶ್ನೆಯನ್ನು ಕೇಳುವ ರೀತಿಯೂ ಮುಖ್ಯವಾದುದು. “ಬಾಳಿಕೆಯು ನಿಮಗೆ ಎಷ್ಟು ಮುಖ್ಯ?” ಎಂದು ಕೇಳಿ, ‘ಬಹಳ ಮುಖ್ಯ’ದಿಂದ ‘ಸ್ವಲ್ಪವೂ ಮುಖ್ಯವಲ್ಲ’ದವರೆಗೆ ಐದು ಮೆಟ್ಟಿಲುಗಳಲ್ಲಿ ಒಂದನ್ನು ಗುರುತಿಸಲು ಹೇಳುವ ಪದ್ಧತಿಯು ರೆನ್ಸಿಸ್ ಲಿಕರ್ಟ್ ಎಂಬ ಅಮೆರಿಕದ ವಿದ್ವಾಂಸನಿಂದ 1932ರಲ್ಲಿ ಪ್ರಚಾರಕ್ಕೆ ಬಂದಿತು. ಇದು ಸುಲಭ, ಆದರೆ ಮನುಷ್ಯನು ತನ್ನನ್ನು ಕುರಿತು ಒಳ್ಳೆಯದನ್ನೇ ಹೇಳುವ ಪ್ರಾಣಿ. “ನಾನು ನೆರೆಯವನ ಜೋಡನ್ನು ನೋಡಿ ಕೊಂಡೆನು” ಎಂದು ಒಪ್ಪುವವರು ಎಷ್ಟು ಮಂದಿ? ಆದುದರಿಂದ ಕುಶಲನಾದ ವಿಚಾರಕನು ‘ಏಕೆ’ ಎಂಬುದನ್ನು ಬಿಟ್ಟು, “ಕಳೆದ ಸಲ ಯಾವಾಗ ಕೊಂಡಿರಿ, ಏನನ್ನು ಕೊಂಡಿರಿ, ಎಷ್ಟು ಕೊಟ್ಟಿರಿ, ಜೊತೆಗೆ ಯಾರು ಬಂದಿದ್ದರು, ಹಳೆಯದು ಎಷ್ಟು ದಿನ ಬಾಳಿತು” ಎಂದು ಕೇಳುತ್ತಾನೆ. ನಡೆದ ಸಂಗತಿಯು ನುಡಿದ ಕಾರಣಕ್ಕಿಂತ ಹೆಚ್ಚು ಸತ್ಯವಾದುದು.

ಉಪಾಧಿಯೆಂಬ ಕಳ್ಳನು

ಉತ್ತರಗಳು ಕೈಸೇರಿದ ಮೇಲೆ ನಿಜವಾದ ಕಷ್ಟವು ಆರಂಭವಾಗುತ್ತದೆ. ಅದು ಯಾವುದೆಂದು ತರ್ಕಶಾಸ್ತ್ರವನ್ನು ಬಲ್ಲವರಿಗೆ ಹೊಸತಾಗಿ ಹೇಳಬೇಕಾಗಿಲ್ಲ. ಹೊಗೆಯಿರುವಲ್ಲಿ ಬೆಂಕಿಯುಂಟೆಂಬುದು ಸರಿ. ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂಬುದು ತಪ್ಪು. ಏಕೆಂದರೆ ಹೊಗೆಗೆ ಬೇಕಾದುದು ಬೆಂಕಿಯೊಂದೇ ಅಲ್ಲ, ಹಸಿ ಸೌದೆಯ ಸಂಬಂಧ. ಕಣ್ಣಿಗೆ ಬೀಳದೆ ನಡುವೆ ನಿಂತಿರುವ ಈ ಹಸಿ ಸೌದೆಯನ್ನು ನೈಯಾಯಿಕರು ‘ಉಪಾಧಿ’ಯೆಂದು ಕರೆದರು. ಗಿರಾಕಿಯ ವಿಚಾರದಲ್ಲಿಯೂ ಇಂತಹ ಉಪಾಧಿಗಳು ತುಂಬಿಕೊಂಡಿವೆ.

ಒಂದು ಲೆಕ್ಕವನ್ನು ಮಾಡೋಣ. ಅಂಕಿಗಳೆಲ್ಲ ತಿಳಿವಳಿಕೆಗಾಗಿ ಕಲ್ಪಿಸಿಕೊಂಡವು. ಪೇಟೆಯಲ್ಲಿ 200 ಜನರನ್ನು ವಿಚಾರಿಸಿದೆವು. ಅವರಲ್ಲಿ ಕಂಪೆನಿಯ ಜಾಹೀರಾತನ್ನು ನೋಡಿದವರು 100. ಅವರೊಳಗೆ 62 ಮಂದಿ ದುಬಾರಿಯ ಶೂಗಳನ್ನು ಕೊಂಡರು. ನೋಡದವರು 100, ಅವರೊಳಗೆ ಕೊಂಡವರು 38 ಮಾತ್ರ. ಜಾಹೀರಾತಿನ ಮಹಿಮೆಯು ಸಿದ್ಧವಾಯಿತೆಂದು ಕಂಪೆನಿಯವನು ಹಿಗ್ಗುವನು. ಆದರೆ ಅವರನ್ನೇ ವಿದ್ಯಾರ್ಥಿಗಳೆಂದೂ ಹಿರಿಯರೆಂದೂ ವಿಂಗಡಿಸಿ ನೋಡಿರಿ. ವಿದ್ಯಾರ್ಥಿಗಳಲ್ಲಿ ಜಾಹೀರಾತನ್ನು ನೋಡಿದವರು 80, ಕೊಂಡವರು 56. ನೋಡದವರು 20, ಕೊಂಡವರು 14. ಎರಡೂ ಕಡೆ ಶೇಕಡಾ 70. ಹಿರಿಯರಲ್ಲಿ ನೋಡಿದವರು 20, ಕೊಂಡವರು 6. ನೋಡದವರು 80, ಕೊಂಡವರು 24. ಎರಡೂ ಕಡೆ ಶೇಕಡಾ 30. ಜಾಹೀರಾತಿನಿಂದ ಯಾರೊಬ್ಬರ ನಡವಳಿಕೆಯೂ ಬದಲಾಗಲಿಲ್ಲ! ತರುಣರು ಶೂಗಳನ್ನು ಹೆಚ್ಚಾಗಿ ಕೊಳ್ಳುವವರು. ಅವರೇ ಜಾಹೀರಾತನ್ನೂ ಹೆಚ್ಚಾಗಿ ನೋಡುವವರು. ವಯಸ್ಸೆಂಬುದು ಇಲ್ಲಿ ಹಸಿ ಸೌದೆ. ಉಪಾಧಿಯನ್ನು ಹುಡುಕದೆ ಎರಡು ಅಂಕಿಗಳನ್ನು ಎದುರುಬದುರು ನಿಲ್ಲಿಸಿ ತೀರ್ಪು ಕೊಡುವವರನ್ನು ನಂಬತಕ್ಕದ್ದಲ್ಲ.

ಇನ್ನೊಂದು ಅಪಾಯವು ಕಾಕತಾಲೀಯ. ಕಾಗೆಯು ಕುಳಿತ ಕ್ಷಣದಲ್ಲಿಯೇ ತಾಳೆಯ ಹಣ್ಣು ಬಿದ್ದರೆ ಕಾಗೆಯು ಬೀಳಿಸಿತೆನ್ನುವುದು ಲೋಕದ ರೂಢಿ. ಇಂತಹ ಹೊಂದಿಕೆಯು ಆಕಸ್ಮಿಕವೋ ಅಲ್ಲವೋ ಎಂದು ಪರೀಕ್ಷಿಸಲು ಕಾರ್ಲ್ ಪಿಯರ್ಸನ್ ಎಂಬ ಇಂಗ್ಲಿಷ್ ಗಣಿತಜ್ಞನು 1900ರಲ್ಲಿ ‘ಕೈ-ವರ್ಗ’ ಪರೀಕ್ಷೆಯನ್ನು ಪ್ರಕಟಿಸಿದನು. ಕೇವಲ ಆಕಸ್ಮಿಕದಿಂದ ಇಂತಹ ಹೊಂದಿಕೆಯು ಇಪ್ಪತ್ತರಲ್ಲಿ ಒಂದು ಸಲಕ್ಕಿಂತ ಕಡಿಮೆಯಾಗಿ ಒದಗುವುದಾದರೆ ಅದನ್ನು ಗಣ್ಯವೆಂದು ಸ್ವೀಕರಿಸುವುದು ಸಾಮಾನ್ಯ ಪದ್ಧತಿ. ಆದರೆ ಜಾಗರೂಕತೆ ಬೇಕು: ಯಾವ ಸಂಬಂಧವೂ ಇಲ್ಲದ ಇಪ್ಪತ್ತು ಕಾರಣಗಳನ್ನು ಹೀಗೆ ಪರೀಕ್ಷಿಸಿದರೆ ಅವುಗಳಲ್ಲಿ ಸರಾಸರಿ ಒಂದು ಸುಳ್ಳಾಗಿಯೇ ಗಣ್ಯವೆನಿಸುವುದು. ಇಪ್ಪತ್ತು ಸಲ ಕಾಗೆ ಕುಳಿತರೆ ಒಂದು ಸಲವಾದರೂ ಹಣ್ಣು ಬೀಳಬೇಡವೇ?

ಪಾಲು ಹಂಚುವ ಲೆಕ್ಕ

ಉಪಾಧಿಯೊಂದಾದರೆ ಮೇಲಿನಂತೆ ವಿಂಗಡಿಸಿ ನೋಡಬಹುದು. ವಯಸ್ಸು, ವರಮಾನ, ಉದ್ಯೋಗ, ಊರು, ಋತು, ಮನೆಯ ಜನಸಂಖ್ಯೆ ಹೀಗೆ ಹತ್ತು ಕೂಡಿದರೆ ಗತಿಯೇನು? ಇದಕ್ಕಾಗಿ ‘ರಿಗ್ರೆಶನ್’ ಎಂಬ ಗಣಿತವು ಬಂದಿತು. ಈ ಹೆಸರನ್ನು ರೂಢಿಗೆ ತಂದವನು ಫ್ರಾನ್ಸಿಸ್ ಗಾಲ್ಟನ್. ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಸರಾಸರಿಯ ಕಡೆಗೆ ಹಿಂದಿರುಗುವುದನ್ನು ಅವನು 1886ರಲ್ಲಿ ವಿವರಿಸಿದನು. ಹಿಂದಿರುಗುವಿಕೆಯೆಂಬುದೇ ಆ ಶಬ್ದದ ಅರ್ಥ. ಅದರ ಬೆನ್ನೆಲುಬಾದ ಕನಿಷ್ಠ ವರ್ಗಗಳ ವಿಧಾನವನ್ನು ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿಯೇ ಪ್ರಕಟಿಸಿದ್ದನು.

ಇದರ ಕೆಲಸವು ಅವಿಭಕ್ತ ಕುಟುಂಬದ ಆಸ್ತಿಯನ್ನು ಪಾಲುಮಾಡುವಂತಹುದು. ಒಬ್ಬನು ಜೋಡಿಗೆ ಕೊಟ್ಟ ಹಣದಲ್ಲಿ ಇಷ್ಟು ಎಲ್ಲರೂ ಕೊಡುವ ಮೂಲಮೊತ್ತ. ಇಷ್ಟು ವರಮಾನದ ಪಾಲು. ಇಷ್ಟು ಪೇಟೆಯ ವಾಸದ ಪಾಲು. ಇಷ್ಟು ಹಬ್ಬದ ಪಾಲು. ಉಳಿದದ್ದು ಅವನ ಸ್ವಂತ ಛಂದಸ್ಸು. ಒಂದು ಪಾಲನ್ನು ಎಣಿಸುವಾಗ ಮಿಕ್ಕವುಗಳೆಲ್ಲ ಸಮಾನವಾಗಿದ್ದರೆ ಏನಾಗುತ್ತಿತ್ತೆಂದು ಗಣಿತವು ಕೇಳುತ್ತದೆ. ನಮ್ಮವರ ಅನ್ವಯವ್ಯತಿರೇಕವೂ ಇದನ್ನೇ ಅಲ್ಲವೇ ಹೇಳುವುದು: ಅದಿದ್ದರೆ ಇದುಂಟು, ಅದಿಲ್ಲದಿದ್ದರೆ ಇದಿಲ್ಲ? ಈ ಪಾಲುಗಾರಿಕೆಯಲ್ಲಿ ನಿಖರತೆಗೆ ಒಂದು ಎಲ್ಲೆಯುಂಟೆಂದು 1945ರಲ್ಲಿ ತೋರಿಸಿದವರು ಸಿ. ಆರ್. ರಾವ್. ಅವರು 1920ರಲ್ಲಿ ನಮ್ಮ ಕರ್ನಾಟಕದ ಹೂವಿನಹಡಗಲಿಯಲ್ಲಿ ಜನಿಸಿ, 2023ರಲ್ಲಿ ನೂರೆರಡು ವರ್ಷಗಳ ತುಂಬುಜೀವನವನ್ನು ಮುಗಿಸಿದರು. ಇದ್ದ ಸಾಮಗ್ರಿಯು ಎಷ್ಟು ಹೇಳಬಲ್ಲುದೋ ಅದಕ್ಕಿಂತ ಹೆಚ್ಚನ್ನು ಯಾವ ಗಣಿತವೂ ಅದರಿಂದ ಹಿಂಡಲಾರದೆಂಬುದು ಅವರ ಸಿದ್ಧಾಂತದ ಸಾರ.

ಹಣದ ಮೊತ್ತವಲ್ಲದೆ ‘ಇದೋ, ಅದೋ’ ಎಂಬ ಆಯ್ಕೆಯನ್ನು ಅಳೆಯುವುದಕ್ಕೆ ಬೇರೆ ಮಾದರಿಗಳಿವೆ. ಅವುಗಳನ್ನು ಬೆಳೆಸಿದ್ದಕ್ಕಾಗಿ ಡೇನಿಯಲ್ ಮೆಕ್‌ಫ್ಯಾಡನ್ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಪಾಲ್ ಗ್ರೀನ್ ಮತ್ತು ವಿಠಲ ರಾವ್ ಎಂಬವರು 1971ರಲ್ಲಿ ಮತ್ತೊಂದು ಜಾಣ ಉಪಾಯವನ್ನು ವ್ಯಾಪಾರಶಾಸ್ತ್ರಕ್ಕೆ ತಂದರು. ಗಿರಾಕಿಯ ಮುಂದೆ ಗುಣಗಳ ಬೇರೆ ಬೇರೆ ಕಟ್ಟುಗಳನ್ನಿಡುವುದು: ಒಂದು 300 ರೂಪಾಯಿಯ, ಆರು ತಿಂಗಳು ಬಾಳುವ, ಹೆಸರಿಲ್ಲದ ಚಪ್ಪಲಿ, ಮತ್ತೊಂದು 600 ರೂಪಾಯಿಯ, ಒಂದು ವರ್ಷ ಬಾಳುವ, ಹೆಸರಾಂತ ಕಂಪೆನಿಯದು. ಇಂತಹ ಹಲವು ಕಟ್ಟುಗಳನ್ನು ಮೆಚ್ಚಿನ ಕ್ರಮದಲ್ಲಿ ಜೋಡಿಸಿದರೆ, ಹೆಸರಿಗಾಗಿ ಅವನು ಎಷ್ಟು ಹಣವನ್ನು ಬಿಡಲು ಸಿದ್ಧನೆಂಬುದು ಅವನಿಗೇ ತಿಳಿಯದಂತೆ ಹೊರಬೀಳುವುದು.

ಬೆಲೆಯ ಪರೀಕ್ಷೆ

ಇನ್ನು ಬೆಲೆಯ ವಿಚಾರ. ಬೆಲೆಯು ಗಿರಾಕಿಯನ್ನು ಎಳೆಯುವುದೆಂಬುದಕ್ಕೆ ಪಾದರಕ್ಷೆಯ ಚರಿತ್ರೆಯಲ್ಲಿಯೇ ಪ್ರಸಿದ್ಧವಾದ ದೃಷ್ಟಾಂತವಿದೆ. ಈಗಿನ ಚೆಕ್ ದೇಶದ ಜ್ಲೀನ್ ಎಂಬ ಊರಿನಲ್ಲಿ 1894ರಲ್ಲಿ ಉದ್ಯೋಗವನ್ನಾರಂಭಿಸಿದ ತೋಮಾಶ್ ಬಾಟಾ, 1922ರಲ್ಲಿ ವ್ಯಾಪಾರವು ಕುಸಿದಿದ್ದಾಗ ತನ್ನ ಜೋಡುಗಳ ಬೆಲೆಯನ್ನು ಒಮ್ಮೆಗೇ ಅರ್ಧಕ್ಕೆ ಇಳಿಸಿ ಕಾರ್ಖಾನೆಯನ್ನು ಉಳಿಸಿಕೊಂಡನು. ಆ ಕಂಪೆನಿಯು 1931ರಲ್ಲಿ ನಮ್ಮ ದೇಶಕ್ಕೆ ಬಂದಿತು; ಕಲ್ಕತ್ತೆಯ ಬಳಿ ಬಾಟಾನಗರವೇ ಎದ್ದಿತು. 99ರಲ್ಲಿ ಮುಗಿಯುವ ಬೆಲೆಗೆ ‘ಬಾಟಾ ಬೆಲೆ’ಯೆಂಬ ವಿನೋದದ ಹೆಸರು ಇಂದಿಗೂ ಉಂಟು. 500ಕ್ಕೂ 499ಕ್ಕೂ ಒಂದೇ ರೂಪಾಯಿಯ ಅಂತರ. ಆದರೆ ಕಣ್ಣು ಮೊದಲ ಅಂಕಿಯನ್ನು ಓದಿ ನಾಲ್ಕುನೂರರ ಮನೆಯಲ್ಲಿ ಕುಳಿತುಬಿಡುತ್ತದೆ.

ನಮ್ಮ ಕಾಲದಲ್ಲಿ ಸರಕಾರವೇ ಒಂದು ದೊಡ್ಡ ಪ್ರಯೋಗವನ್ನು ಮಾಡಿದಂತಾಗಿದೆ. 1000 ರೂಪಾಯಿಯೊಳಗಿನ ಪಾದರಕ್ಷೆಗಳ ಮೇಲಿನ ಜಿ.ಎಸ್.ಟಿ.ಯು 2022ರ ಜನವರಿ 1ರಂದು ಶೇಕಡಾ 5ರಿಂದ 12ಕ್ಕೆ ಏರಿತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿಯವರೆಗಿನ ಜೊತೆಗಳಿಗೆಲ್ಲ ಶೇಕಡಾ 5 ಎಂದಾಯಿತು. ತೆರಿಗೆ ಸೇರದೆ 500 ರೂಪಾಯಿಯ ಜೋಡು 560ರಿಂದ 525ಕ್ಕೆ ಇಳಿಯಬೇಕು. 35 ರೂಪಾಯಿ ಉಳಿತಾಯ. ಆ ಅಕ್ಟೋಬರಿನಲ್ಲಿ ಒಂದು ಅಂಗಡಿಯ ವ್ಯಾಪಾರವು ಹೆಚ್ಚಿತೆನ್ನೋಣ. ತೆರಿಗೆಯಿಳಿಕೆಯ ಫಲವೇ? ನಿಲ್ಲಿರಿ! 2025ರಲ್ಲಿ ನವರಾತ್ರಿಯು ಆರಂಭವಾದದ್ದೂ ಅದೇ ಸೆಪ್ಟೆಂಬರ್ 22ರಂದು. ದಸರಾ ದೀಪಾವಳಿಗಳ ಖರೀದಿಯೆಂಬ ಉಪಾಧಿಯು ಒಳಗೆ ಹೊಕ್ಕಿದೆ. ಇದನ್ನು ಹೊರಹಾಕುವ ದಾರಿಯೂ ಉಂಟು. 2,500ಕ್ಕಿಂತ ಹೆಚ್ಚಿನ ಬೆಲೆಯ ಜೋಡುಗಳ ತೆರಿಗೆಯು ಶೇಕಡಾ 18ರಲ್ಲಿಯೇ ಉಳಿಯಿತು. ಹಿಂದಿನ ವರ್ಷದ ಹಬ್ಬಕ್ಕೆ ಹೋಲಿಸಿದರೆ ಅಗ್ಗದವುಗಳ ಮಾರಾಟ ಎಷ್ಟು ಏರಿತು, ದುಬಾರಿಯವುಗಳದು ಎಷ್ಟು ಏರಿತು ಎಂದು ನೋಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಹಬ್ಬವು ಇಬ್ಬರಿಗೂ ಸಮಾನ. ತೆರಿಗೆಯ ಇಳಿಕೆಯು ಒಬ್ಬರಿಗೆ ಮಾತ್ರ. ಉಳಿದ ಶೇಷವೇ ತೆರಿಗೆಯ ಫಲಕ್ಕೆ ಸಮೀಪವಾದ ಅಂಕಿ. ಬಿಲ್ಲು ಪುಸ್ತಕಗಳನ್ನು ಸರಿಯಾಗಿಟ್ಟ ಯಾವ ವ್ಯಾಪಾರಿಯಾದರೂ ಈ ಲೆಕ್ಕವನ್ನು ಮಾಡಿ ನೋಡಬಹುದು.

ಕಾಲಿನ ಅಳತೆ

ಗಿರಾಕಿಯ ಮನಸ್ಸನ್ನು ಇಷ್ಟೊಂದು ಅಳೆದವರು ಅವನ ಕಾಲನ್ನು ಅಳೆದಿದ್ದರೇ? ನಮ್ಮಲ್ಲಿ ಬಳಕೆಯಲ್ಲಿರುವ 6, 7, 8 ಎಂಬ ಅಳತೆಗಳು ಇಂಗ್ಲಿಷರವು. ಒಂದು ಸಂಖ್ಯೆಗೂ ಮುಂದಿನದಕ್ಕೂ ಅಂಗುಲದ ಮೂರನೆಯ ಒಂದು ಪಾಲು ಅಂತರ. ಮದ್ರಾಸಿನ, ಅಂದರೆ ಈಗಿನ ಚೆನ್ನೈಯ, ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ 1,01,880 ಜನರ ಪಾದಗಳನ್ನು ಯಂತ್ರಗಳಿಂದ ಅಳೆಯಿತು. ಪಾಶ್ಚಾತ್ಯರ ಪಾದಕ್ಕಿಂತ ಭಾರತೀಯರ ಪಾದವು ಅಗಲವೆಂದು ಅದರಿಂದ ತಿಳಿದುಬಂದಿತು. ಹೆಣ್ಣುಮಕ್ಕಳ ಪಾದವು ಸುಮಾರು 11ನೆಯ ವಯಸ್ಸಿನಲ್ಲಿ, ಗಂಡುಮಕ್ಕಳದು 15-16ರಲ್ಲಿ ಬೆಳವಣಿಗೆಯ ತುದಿಯನ್ನು ಮುಟ್ಟುವುದಂತೆ. ಇದರ ಮೇಲಿಂದ ‘ಭ’ ಎಂಬ ಭಾರತೀಯ ಅಳತೆಯೊಂದನ್ನು ಸೂಚಿಸಿದ್ದಾರೆ.

ಇದರ ಪರಿಣಾಮವನ್ನು ಯೋಚಿಸಿರಿ. ಅಗಲ ಸಾಲದೆಂದು ಒಬ್ಬನು ಉದ್ದದಲ್ಲಿ ಒಂದು ಸಂಖ್ಯೆ ದೊಡ್ಡದನ್ನು ಕೊಳ್ಳುವನು. ಅಂಗಡಿಯ ಲೆಕ್ಕದಲ್ಲಿ ‘9ಕ್ಕೆ ಬೇಡಿಕೆ ಹೆಚ್ಚು’ ಎಂದು ದಾಖಲಾಗುವುದು. ಮುಂದಿನ ವರ್ಷ 9ರ ಜೋಡುಗಳೇ ಹೆಚ್ಚಾಗಿ ಬರುವುವು. ಗಿರಾಕಿಗೆ ಬೇಕಾದುದು ಸಿಕ್ಕಲಿಲ್ಲ; ಸಿಕ್ಕಿದ್ದನ್ನೇ ಅವನಿಗೆ ಬೇಕಾದುದೆಂದು ಮಾದರಿಯು ಕಲಿತುಕೊಂಡಿತು! ಇದು ಎಲ್ಲ ಮಾರಾಟದ ಅಂಕಿಗಳಿಗೂ ಅಂಟಿರುವ ದೋಷ.

ಲೆಕ್ಕಕ್ಕೆ ಬಾರದ ಕಾಲುಗಳು

ಇಲ್ಲಿಗೆ ನಾವು ವಿಷಯದ ಮರ್ಮಕ್ಕೆ ಬಂದೆವು. ಕೊಂಡವನ ಲೆಕ್ಕವು ಅಂಗಡಿಯಲ್ಲಿದೆ; ಕೊಳ್ಳದವನ ಲೆಕ್ಕವು ಎಲ್ಲಿದೆ? ಅಂಗಡಿಯ ಬಾಗಿಲಿನಲ್ಲಿ ನಿಂತು ಮಾಡಿದ ಸಮೀಕ್ಷೆಯಲ್ಲಿ ಬರಿಗಾಲಿನವನು ಎಂದಿಗೂ ಕಾಣಿಸಿಕೊಳ್ಳುವುದಿಲ್ಲ.

ಪಾದರಕ್ಷೆಯನ್ನು ಧರಿಸುವ ಇಚ್ಛೆಯಿದ್ದರೂ ಧರಿಸುವ ಅಧಿಕಾರವಿಲ್ಲದ ಜನರು ಈ ದೇಶದಲ್ಲಿದ್ದರು. ಮೇಲಿನವರೆನಿಸಿದವರ ಮನೆಯ ಮುಂದೆ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಕಾಲವದು. ವಿಪರ್ಯಾಸವೆಂದರೆ ಚರ್ಮವನ್ನು ಹದಮಾಡಿ ಜೋಡನ್ನು ಹೊಲಿದು ಕೊಡುತ್ತಿದ್ದವರೂ ಅವರೊಳಗೇ ಸೇರಿದ್ದರು. ಇದು ಸಂಪೂರ್ಣವಾಗಿ ಹಳೆಯ ಕಥೆಯಾಗಿದ್ದರೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯವನ್ನು ತಡೆಯುವ ಶಾಸನಕ್ಕೆ 2015ರಲ್ಲಿ ತಿದ್ದುಪಡಿಯನ್ನು ತಂದು, ಅವರು ಸಾರ್ವಜನಿಕ ಸ್ಥಳಗಳಲ್ಲಿ ಪಾದರಕ್ಷೆಯನ್ನು ಧರಿಸದಂತೆ ತಡೆಯುವುದು ಅಪರಾಧವೆಂದು ಸ್ಪಷ್ಟವಾಗಿ ಬರೆಯಬೇಕಾಗುತ್ತಿರಲಿಲ್ಲ. ಅಂತಹ ಮನೆತನದ ತರುಣನೊಬ್ಬನು ತನ್ನ ಮೊದಲ ಸಂಬಳದಿಂದ ದುಬಾರಿಯ ಶೂಗಳನ್ನು ಕೊಂಡರೆ ‘ಆಡಂಬರಪ್ರಿಯತೆ’ಯ ಕೋಷ್ಟಕದಲ್ಲಿ ಒಂದು ಗೆರೆಯೆಳೆದು ಮುಗಿಸಬಹುದೇ? ಅಚ್ಚು ಹೇಳಲಾರದ ಕಾಲಿನ ಕಥೆಯೆಂದರೆ ಇದು.

ಎರಡನೆಯದಾಗಿ, ಧರಿಸುವವರೇ ಆರಿಸುವವರಲ್ಲ. ಶಾಲೆಯ ಮಗುವಿನ ಶೂವನ್ನು ಸಮವಸ್ತ್ರದ ನಿಯಮವು ಆರಿಸುತ್ತದೆ. ಸರಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಶೂಗಳನ್ನೂ ಎರಡು ಜೊತೆ ಕಾಲುಚೀಲಗಳನ್ನೂ ಕೊಡುವ ಯೋಜನೆಯು ನಮ್ಮ ರಾಜ್ಯದಲ್ಲಿ 2015-16ರಲ್ಲಿ ಆರಂಭವಾಯಿತು. ಬರಿಗಾಲಿನ ನಾಚಿಕೆಯನ್ನು ಅದು ಎಷ್ಟೋ ಮಕ್ಕಳಿಗೆ ತಪ್ಪಿಸಿದೆ. ಆದರೆ ನಮ್ಮ ಆಷಾಢದ ಮಳೆಯಲ್ಲಿ ಆ ಶೂವು ಒಂದು ದಿನ ಒದ್ದೆಯಾದರೆ ಮೂರು ದಿನ ಒಣಗದೆಂಬುದನ್ನು ಯಾವ ತಾಯಿಯಾದರೂ ಬಲ್ಲಳು. ಮಳೆಗಾಲದಲ್ಲಿ ಚಪ್ಪಲಿಗೆ ಒಪ್ಪಿಗೆ ಕೊಡುವ ಶಾಲೆಗಳು ವಿವೇಕವನ್ನೇ ತೋರಿಸುತ್ತವೆ. ಇನ್ನು ಬಂಟ್ವಾಳ ಬೆಳ್ತಂಗಡಿಗಳಲ್ಲಿ ಬೀಡಿ ಕಟ್ಟಿ ಮನೆಯನ್ನು ತೂಗಿಸಿದ ತಾಯಂದಿರು ಅಸಂಖ್ಯಾತರು. ಮಗನ ಕಾಲೇಜಿನ ಶೂವಿಗೆ ಹಣ ಕೊಡುವವಳು ಅವಳು. ಬೀಡಿ ಬ್ರಾಂಚಿಗೆ ಹೋಗುವಾಗ ಪಟ್ಟಿ ಕಿತ್ತ ಹವಾಯಿ ಚಪ್ಪಲಿಗೆ ಪಿನ್ನು ಚುಚ್ಚಿಕೊಳ್ಳುವವಳೂ ಅವಳೇ. ಸಮೀಕ್ಷೆಯವನು ಬಂದು “ಮನೆಯಲ್ಲಿ ಕಳೆದ ವರ್ಷ ಎಷ್ಟು ಜೊತೆ ಕೊಂಡಿರಿ?” ಎಂದು ಕೇಳಿದಾಗ ಒಟ್ಟು ಸಂಖ್ಯೆಯು ದೊರೆಯುವುದು, ಯಾರ ಕಾಲಿಗೆ ಎಷ್ಟು ಎಂಬುದು ಆ ಒಟ್ಟಿನಲ್ಲಿ ಅಡಗಿಹೋಗುವುದು. ಮನೆಯ ಸರಾಸರಿಯು ಎರಡು ಜೊತೆಯೆಂದರೆ, ಒಬ್ಬನಿಗೆ ನಾಲ್ಕು, ಒಬ್ಬಳಿಗೆ ಸೊನ್ನೆ ಎಂದೂ ಅರ್ಥವಾಗಬಹುದಲ್ಲವೇ?

ಇದು ಅಭಿರುಚಿಯ ಪ್ರಶ್ನೆ ಮಾತ್ರವಲ್ಲ, ಆರೋಗ್ಯದ ಪ್ರಶ್ನೆ. ಕೊಕ್ಕೆಹುಳುವಿನ ಮರಿಗಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರಿ ರಕ್ತಹೀನತೆಯನ್ನುಂಟುಮಾಡುತ್ತವೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯನ್ನು ಪೀಡಿಸುವ ಇಲಿಜ್ವರದ ರೋಗಾಣುಗಳು ಕಾಲಿನ ಸಣ್ಣ ಗಾಯದ ಮೂಲಕವೇ ನಿಂತ ನೀರಿನಿಂದ ದೇಹವನ್ನು ಹೊಗುತ್ತವೆ. ಮಧುಮೇಹದಿಂದ ಅಂಗಾಲಿನ ಸ್ಪರ್ಶಜ್ಞಾನವು ಕುಂದಿದವರಿಗೆ ಮುಳ್ಳು ಚುಚ್ಚಿದ್ದೇ ತಿಳಿಯದು. ಅವರಿಗಾಗಿ ಮೃದುವಾದ ಎಂ.ಸಿ.ಆರ್. ಚಪ್ಪಲಿಗಳಿವೆ, ಅಂದವಿಲ್ಲವೆಂದು ಅವುಗಳನ್ನು ದೂರವಿಡುವುದು ಅನರ್ಥಕ್ಕೆ ದಾರಿ. ಬೇಡಿಕೆಯ ಮಾದರಿಯಲ್ಲಿ ಈ ಯಾವ ಅಗತ್ಯವೂ ತಾನಾಗಿ ಮೂಡುವುದಿಲ್ಲ. ಬೇಡಿಕೆಯೆಂದರೆ ಹಣದ ಬೆಂಬಲವುಳ್ಳ ಇಚ್ಛೆ. ಅಗತ್ಯವೆಂದರೆ ಹಣವಿರಲಿ ಇಲ್ಲದಿರಲಿ ಕಾಲಿಗೆ ಬೇಕಾದುದು. ಮೊದಲನೆಯದನ್ನು ಅಳೆಯುವುದು ವ್ಯಾಪಾರಿಯ ಕೆಲಸ. ಎರಡನೆಯದನ್ನು ಅಳೆಯುವುದು ಸರಕಾರದ ಮತ್ತು ಮನೆಯ ಯಜಮಾನನ ಕೆಲಸ.

ಗೃಹಸ್ಥರಿಗೆ ಒಂದು ಸೂಚನೆ

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ದೊಡ್ಡ ಗಣಿತವು ದೊಡ್ಡವರಿಗೆ ಇರಲಿ. ಮನೆಯ ಖರ್ಚಿನ ಪುಸ್ತಕದಲ್ಲಿ ಒಂದು ಪುಟವನ್ನು ಪಾದರಕ್ಷೆಗಳಿಗೆ ಮೀಸಲಿಡಿರಿ. ಯಾರಿಗೆ, ಯಾವ ತಿಂಗಳು, ಎಷ್ಟು ಬೆಲೆ, ಆರಿಸಿದವರು ಯಾರು, ಎಷ್ಟು ತಿಂಗಳು ಬಾಳಿತು ಎಂಬ ಐದು ಮನೆಗಳನ್ನು ಗೆರೆಯೆಳೆದು ತುಂಬುತ್ತ ಬನ್ನಿರಿ. 300 ರೂಪಾಯಿಯ ಚಪ್ಪಲಿಯು 6 ತಿಂಗಳು ಬಾಳಿದರೆ ತಿಂಗಳಿಗೆ 50 ರೂಪಾಯಿ. 900 ರೂಪಾಯಿಯದು 24 ತಿಂಗಳು ಬಾಳಿದರೆ ತಿಂಗಳಿಗೆ 37 ರೂಪಾಯಿ 50 ಪೈಸೆ. ಅಗ್ಗವು ಯಾವುದೆಂದು ಜಾಹೀರಾತನ್ನು ಕೇಳಬೇಕಾಗಿಲ್ಲ. ಆದರೆ ಒಮ್ಮೆಗೇ 900 ರೂಪಾಯಿಯನ್ನು ತೆಗೆದಿಡಲಾರದವನು ತಿಂಗಳಿಗೆ ಹೆಚ್ಚು ತೆರುತ್ತಾನೆಂಬುದನ್ನೂ ಆ ಪುಟವು ಕಲಿಸುವುದು. ಬಡತನವೇ ದುಬಾರಿಯ ವಸ್ತು.

ವರ್ಷಾಂತ್ಯದಲ್ಲಿ ಆ ಪುಟವನ್ನು ತೆರೆದು ಮೊದಲನೆಯ ಮನೆಯನ್ನು ಮೇಲಿನಿಂದ ಕೆಳಗೆ ಓದಿರಿ. ಮನೆಯವರೆಲ್ಲರ ಹೆಸರುಗಳೂ ಅದರಲ್ಲಿವೆಯೇ ಎಂದು ನೋಡಿರಿ. ಯಾರ ಹೆಸರು ಒಂದು ಸಲವೂ ಬಂದಿಲ್ಲವೋ, ಮುಂದಿನ ಜೊತೆಯು ಅವರದು. ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ, ಎರಡು ಕಾಲಿಗೂ ಹಾಕಿಸಿ, ನಾಲ್ಕು ಹೆಜ್ಜೆ ನಡೆಸಿ, ಅವರೇ ಆರಿಸುವಂತೆ ಮಾಡಿರಿ.